ಮಳೆ ಕೊಡದ ಕಡಲು

ಕಡಲೆಂದರೆ ಮೋಡದ ತವರು ಎಂದು ನಂಬಿ ಬೆಳೆದವರು ನಮೀಬ್ ಕರಾವಳಿಯನ್ನು ನಿಧಾನವಾಗಿ ಸವಿಯಬೇಕು. ಆಫ್ರಿಕಾದ ನೈಋತ್ಯ ಅಂಚಿನಲ್ಲಿ ಸುಮಾರು 2,000 ಕಿಲೋಮೀಟರ್ ಉದ್ದಕ್ಕೆ ಚಾಚಿದ ಈ ಮರಳುಗಾಡಿಗೆ ಅಟ್ಲಾಂಟಿಕ್ ಸಾಗರ ಹಗಲಿರುಳೂ ಬಂದು ಬಡಿಯುತ್ತದೆ, ಮಳೆಯನ್ನು ಮಾತ್ರ ತರುವುದಿಲ್ಲ. ದಕ್ಷಿಣದಿಂದ ಬರುವ ಬೆಂಗ್ವೇಲಾ ಶೀತಪ್ರವಾಹ ಮೇಲಿನ ಗಾಳಿಯನ್ನೂ ತಣ್ಣಗಾಗಿಸುತ್ತದೆ. ಭಾರವಾದ ಆ ಗಾಳಿಗೆ ಮೇಲೇರಿ ಮಳೆಮೋಡ ಕಟ್ಟುವ ಕಸುವಿಲ್ಲ. ಅದು ಕೊಡುವುದು ಮಂಜನ್ನಷ್ಟೇ.

ಮಂಜೆಂದರೆ ಇಲ್ಲಿ ಅನ್ನ. ಬೆಳಗಿನ ಜಾವ ಕರಿ ಜೀರುಂಡೆಯೊಂದು ದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆ ಎದುರಾಗಿ, ತಲೆ ತಗ್ಗಿಸಿ ಹಿಂಭಾಗ ಎತ್ತಿ ನಿಲ್ಲುತ್ತದೆ. ಮೈಮೇಲೆ ಕೂತ ಮಂಜು ಹನಿಗಟ್ಟಿ ಬೆನ್ನ ಮೇಲಿಂದ ಜಾರಿ ನೇರ ಬಾಯಿಗಿಳಿಯುತ್ತದೆ. ನಾರಾ ಗಿಡದ ದಾರಿ ಬೇರೆ. ಎಲೆಯೇ ಇಲ್ಲದ ಈ ಮುಳ್ಳುಪೊದೆ ಹಸಿರು ಕಾಂಡದಲ್ಲೇ ಅಡುಗೆ ಮಾಡಿಕೊಂಡು, ಬೇರನ್ನು ಅಂತರ್ಜಲದವರೆಗೂ ಇಳಿಬಿಡುತ್ತದೆ. ಕೂಯಿಸೆಬ್ ನದಿಪಾತ್ರದ ಟೋಪ್ನಾರ್ ಜನ ಅದರ ಹಣ್ಣಿನ ತಿರುಳನ್ನು ಬೇಯಿಸಿ ಒಣಗಿಸಿಡುತ್ತಾರೆ, ಬೀಜವನ್ನು ಮಾರುತ್ತಾರೆ.

ಮರಳಿನ ಬಣ್ಣ ನೋಡಿ. ಕಡಲ ಬಳಿ ಮಾಸಲು, ಒಳಗೆ ಹೋದಂತೆ ಕಾವಿ, ಸೊಸ್ಸುಸ್‌ಫ್ಲೇ ಮುಟ್ಟುವ ಹೊತ್ತಿಗೆ ಕೆಂಪು. ಮರಳಿನೊಳಗಿನ ಕಬ್ಬಿಣ ತುಕ್ಕಾಗಿ ಬಿಟ್ಟ ರಂಗು ಅದು. ಈ ಮರಳು ಇಲ್ಲಿ ಹುಟ್ಟಿದ್ದೂ ಅಲ್ಲ. ಹೆಚ್ಚಿನ ಪಾಲನ್ನು ಆರೆಂಜ್ ನದಿ ಖಂಡದ ಒಡಲಿಂದ ಹೊತ್ತು ಕಡಲಿಗೆ ಸುರಿಯಿತು, ಅಲೆಗಳು ದಡದಗುಂಟ ಉತ್ತರಕ್ಕೆ ತಳ್ಳಿದವು, ಗಾಳಿ ಮತ್ತೆ ನೆಲಕ್ಕೆ ತಂದು ದಿಬ್ಬ ಕಟ್ಟಿತು.

ಅದೇ ನದಿಯಲ್ಲಿ ವಜ್ರಗಳೂ ಬಂದವು. ಹಗುರ ಮರಳನ್ನು ಗಾಳಿ ಮೊರದಲ್ಲಿ ಕೇರಿದಂತೆ ಹಾರಿಸಿತು, ಭಾರದ ಹರಳು ಉಳಿಯಿತು. 1908ರಲ್ಲಿ ಲ್ಯೂಡೆರಿಟ್ಸ್ ಬಳಿ ರೈಲುಹಳಿಯ ಮೇಲಿನ ಮರಳು ತೆಗೆಯುತ್ತಿದ್ದ ಜಕರಾಯಸ್ ಲೆವಾಲಾ ಎಂಬ ಕಾರ್ಮಿಕನಿಗೆ ಅಂಥದೊಂದು ಸಿಕ್ಕಿತು. ಸಿರಿ ಮಾತ್ರ ಅವನ ಮೇಲಧಿಕಾರಿ ಔಗುಸ್ಟ್ ಸ್ಟೌಖ್ ಪಾಲಾಯಿತು. ಆ ಸಿರಿಯಲ್ಲಿ ಎದ್ದ ಕೋಲ್ಮನ್ಸ್‌ಕಾಪ್ ಊರು 1956ರ ಹೊತ್ತಿಗೆ ಬರಿದಾಯಿತು. ಈಗ ನಮೀಬಿಯಾದ ಹೆಚ್ಚಿನ ವಜ್ರಗಳನ್ನು ಹಡಗುಗಳು ಕಡಲತಳದಿಂದ ಎತ್ತುತ್ತವೆ.

ನನಗೆ ಹೆಚ್ಚು ರುಚಿಸುವುದು ವಾಲ್ವಿಸ್ ಬೇ ಬಂದರಿನ ಲೆಕ್ಕ. ಮಳೆಯನ್ನು ತಡೆಯುವ ಅದೇ ತಣ್ಣೀರು ಆಳದ ಪೋಷಕಾಂಶಗಳನ್ನು ಮೇಲೆತ್ತಿ ತರುತ್ತದೆ. ಅದನ್ನುಂಡು ಸೂಕ್ಷ್ಮಸಸ್ಯಗಳು, ಅವುಗಳಿಂದ ಮೀನು, ಮೀನಿನಿಂದ ದೋಣಿ, ಕಾರ್ಖಾನೆ, ಸಂಬಳ. ಹಿನ್ನೀರಿನಲ್ಲಿ ರಾಜಹಂಸಗಳು ಗುಲಾಬಿ ಸಾಲುಗಟ್ಟಿ ಕೆಸರು ಸೋಸುತ್ತವೆ. ಪಕ್ಕದ ಗದ್ದೆಗಳಲ್ಲಿ ಕಟ್ಟಿನಿಲ್ಲಿಸಿದ ಕಡಲನೀರನ್ನು ಬಿಸಿಲು, ಗಾಳಿ ಎರಡೂ ಸೇರಿ ಉಪ್ಪಾಗಿಸುತ್ತವೆ. ನಾಲ್ಕು ಜೋರು ಮಳೆ ಬಿದ್ದರೆ ಆ ಉಪ್ಪು ಕರಗಿಹೋದೀತು. ಮಳೆ ಬಾರದಿರುವುದನ್ನೇ ನಂಬಿ ಬದುಕು ಕಟ್ಟಿಕೊಂಡ ಊರಿದು. ಇಲ್ಲಿ ಬರವನ್ನು ಬಡತನವೆಂದು ಕರೆಯಲು ನಾಲಿಗೆ ಏಳುವುದಿಲ್ಲ.