ವಶಪಡಿಸಿಕೊಂಡ ಮಾಲಿಗೆ ಪಟ್ಟಿ ಎಲ್ಲಿ?

ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರದು. ಅದರ 19ನೇ ಕಲಂ ಓದಿದರೆ ಅಚ್ಚರಿಯಾಗುತ್ತದೆ. ಅಧಿಕಾರಿ ಮಾಲು ವಶಪಡಿಸಿಕೊಂಡರೆ ಪಟ್ಟಿ ಮಾಡಿ, ಸಹಿ ಹಾಕಿ, ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ಕೆಡುವ ಸರಕಾದರೆ ಕೇಳಿದ ದಿನವೇ, ಉಳಿದದ್ದಾದರೆ ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು.

ಚಿಕ್ಕಬಳ್ಳಾಪುರದ ದ್ರಾಕ್ಷಿ, ಚಿಂತಾಮಣಿಯ ಟೊಮ್ಯಾಟೊ, ಸಂಜೆಯೊಳಗೆ ಮಾರಲೇಬೇಕಾದ ಹೂವು ಇವನ್ನು ತಳ್ಳುಗಾಡಿಗೆ ಹಾಕಿಕೊಂಡವರಿಗೆ ಈ ಕಲಂ ಹೊಟ್ಟೆಪಾಡಿನ ಪ್ರಶ್ನೆ. ಬೆಳಗ್ಗೆ ಮಂಡಿಯಲ್ಲಿ ಸಾಲಕ್ಕೆ ತಂದ ಮಾಲು ನಾಳೆಗೆ ಕಸ. ಆದರೆ ತೆರವಿನ ದಿನ ಪಟ್ಟಿ ಬರೆಯುವ ಅಧಿಕಾರಿಯನ್ನು ನಾವಂತೂ ಕಂಡಿಲ್ಲ. ಮೊದಲು ಕೈಬಿಟ್ಟು ಹೋಗುವುದು ತಕ್ಕಡಿ. ಅದಿಲ್ಲದೆ ಉಳಿದ ಹಣ್ಣನ್ನೂ ತೂಗಲಾಗದು.

ಶಿಡ್ಲಘಟ್ಟದ ರೀಲರುಗಳಿಗೂ 1959ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಆ ವ್ಯವಸ್ಥೆಯ ಮೇಲೂ ದೂರುಗಳಿವೆ, ಅದು ಬೇರೆ ಮಾತು. ಆದರೆ ಅದಿದ್ದರೆ ಗೂಡಿನ ಮಾರುಕಟ್ಟೆಯ ಹರಾಜಿಗೆ ಇಳಿಯಬಹುದು. ಬೀದಿ ವ್ಯಾಪಾರಿಯ ಪ್ರಮಾಣಪತ್ರಕ್ಕೆ ಅಂಥ ಬೆಲೆ ಬರುವುದು ಯಾವಾಗ?

ದೋಷ ಜಾರಿಯಲ್ಲಿ ಮಾತ್ರ ಇಲ್ಲ, ಕಾಯ್ದೆಯಲ್ಲೂ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಮಹಿಳೆಯರು. ಸರಿ. ಅಧ್ಯಕ್ಷರು ಮಾತ್ರ ಪೌರಾಯುಕ್ತರೇ. ತೆರವಿಗೆ ಆದೇಶ ಹೊರಡುವುದೂ ಅವರ ಕಚೇರಿಯಿಂದಲೇ!

ದೂರು ಕೇಳಲು ನಿವೃತ್ತ ನ್ಯಾಯಾಧೀಶರ ಸಮಿತಿಯೊಂದು ಬೇಕೆಂದು 20ನೇ ಕಲಂ ಹೇಳುತ್ತದೆ. ಗೌರಿಬಿದನೂರು ಸೇರಿದಂತೆ ನಾಲ್ಕೂ ಊರುಗಳ ನಗರಸಭೆಗಳು ಆ ಸಮಿತಿ ಕೂರುವ ಸ್ಥಳವನ್ನು ತಮ್ಮ ಬಾಗಿಲಲ್ಲಿ ಬರೆದು ಹಾಕಲಿ. ತೆರವಿಗೆ ಹೊರಡುವ ಸಿಬ್ಬಂದಿಯ ಕೈಗೆ ಪಟ್ಟಿಯ ಖಾಲಿ ನಮೂನೆಗಳನ್ನೂ ಕೊಟ್ಟು ಕಳಿಸಲಿ.