ಮಾತಿನಲ್ಲಿರುವ ಅವಮಾನ, ನಾವು ಹುಡುಕುವ ಅವಮಾನ

ರಾಜಕಾರಣಿಯ ಮಾತಿನಲ್ಲಿ ಇರುವ ಅವಮಾನ ಒಂದು. ಅದರೊಳಗೆ ಕೆದಕಿ ತೆಗೆಯುವ ಅವಮಾನ ಇನ್ನೊಂದು. ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಎರಡು ಭಾಷಣಗಳೇ ಸಾಕ್ಷಿ.

2022ರ ನವೆಂಬರಿನಲ್ಲಿ ನಿಪ್ಪಾಣಿಯಲ್ಲಿ ಶಾಸಕ ಸತೀಶ ಜಾರಕಿಹೊಳಿ, ‘ಹಿಂದೂ’ ಎಂಬುದು ಪರ್ಷಿಯನ್ ಪದ, ಅದರ ಅರ್ಥ ಅಸಹ್ಯಕರ ಎಂದರು. ಮೊದಲರ್ಧ ಸರಿ. ಸಿಂಧೂ ನದಿಯ ಹೆಸರೇ ಪರ್ಷಿಯನ್ನರ ಬಾಯಲ್ಲಿ ‘ಹಿಂದು’ ಆಯಿತು. ದೊರೆ ಡೇರಿಯಸ್‌ನ ಶಾಸನಗಳಲ್ಲಿ ಅದು ಬರಿಯ ಪ್ರಾಂತದ ಹೆಸರು. ಗುಲಾಮ, ಕಳ್ಳ ಎಂಬ ಛಾಯೆಗಳು ಶತಮಾನಗಳ ನಂತರ ಪರ್ಷಿಯನ್ ಕಾವ್ಯದಲ್ಲಿ ಸೇರಿಕೊಂಡವು. ಕವಿಗಳ ಬಳಕೆಯನ್ನೇ ಪದದ ಅರ್ಥವೆಂದು ಓದಿದ್ದು ಜಾರಕಿಹೊಳಿಯವರ ಅತಿ. ಪದದ ಕುರಿತ ಆ ಒರಟು ಮಾತನ್ನು ಇಡೀ ಧರ್ಮದ ಮೇಲಿನ ದಾಳಿಯೆಂದು ಓದಿದ್ದು ವಿರೋಧಿಗಳ ಅತಿ. ಕೆಲವೇ ದಿನಗಳಲ್ಲಿ ಅವರು ಹೇಳಿಕೆ ಹಿಂಪಡೆದರು. ಗದ್ದಲದಲ್ಲಿ ಪದದ ಚರಿತ್ರೆ ಮೂಲೆಗುಂಪಾಯಿತು.

ಇನ್ನು ಕಿತ್ತೂರು. 2017ರಲ್ಲಿ ಅಲ್ಲಿನ ಬಿಜೆಪಿ ಸಭೆಯಲ್ಲಿ ಆಗಿನ ಕೇಂದ್ರ ಸಚಿವ ಅನಂತಕುಮಾರ್ ಹೆಗಡೆ, ಚೆನ್ನಮ್ಮನ ಉತ್ಸವ ಬಿಟ್ಟು ಟಿಪ್ಪು ಜಯಂತಿ ಮಾಡುವ ಸರಕಾರ ನಾಳೆ ಕಸಬ್ ಜಯಂತಿಯನ್ನೂ ಮಾಡೀತು ಎಂಬರ್ಥದಲ್ಲಿ ಮಾತಾಡಿದರು. ಇಲ್ಲಿ ಗೂಢಾರ್ಥ ಹುಡುಕುವ ಅಗತ್ಯವೇ ಇಲ್ಲ. 1799ರಲ್ಲಿ ಆಂಗ್ಲರೊಡನೆ ಹೋರಾಡಿ ಮಡಿದ ದೊರೆಯನ್ನು 2008ರ ಮುಂಬಯಿ ಹಂತಕನ ಸಾಲಿಗೆ ಸೇರಿಸಿದ್ದು ಬಹಿರಂಗ ನಿಂದನೆಯೇ.

ಆದರೂ ಇಂಥಲ್ಲಿ ನಾವು ಮಾಡುವುದೇನು? ಇದು ಇಡೀ ಸಮುದಾಯವನ್ನು ಭಯೋತ್ಪಾದಕ ಎಂದಂತೆ ಎಂದು ಅರ್ಥ ಹಿಗ್ಗಿಸುತ್ತೇವೆ. ‘ನಾನು ಹಾಗೆಂದೆನೇ?’ ಎಂದು ಕೇಳಿ ಭಾಷಣಕಾರ ಪಾರಾಗುತ್ತಾನೆ. ಆತ ನಿಜವಾಗಿ ಹೇಳಿದ್ದು ಪ್ರಶ್ನೆಗೊಳಗಾಗದೆ ಉಳಿಯುತ್ತದೆ. 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಕಿತ್ತೂರು ಉತ್ಸವ ನಡೆಸಿಕೊಂಡು ಬಂದಿರುವುದು ಸರಕಾರವೇ ಅಲ್ಲವೇ? ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ರಾಣಿಗೂ ಶ್ರೀರಂಗಪಟ್ಟಣದಲ್ಲಿ ಮಡಿದ ಟಿಪ್ಪುವಿಗೂ ಶತ್ರು ಈಸ್ಟ್ ಇಂಡಿಯಾ ಕಂಪೆನಿಯೊಂದೇ ಅಲ್ಲವೇ? ಕೇಳಬೇಕಾದದ್ದು ಇದನ್ನು.

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಮತದಾರರ ಮುಂದೆ ಇಂಥ ಭಾಷಣಗಳು ಮತ್ತೆ ಮತ್ತೆ ಬರುತ್ತವೆ. ಆತ ಹೇಳಿದ್ದೇನು, ಅದು ನಿಜವೇ ಎಂಬ ಪ್ರಶ್ನೆ ಮೊದಲು ಬರಲಿ. ಪ್ರತಿ ಪದದಲ್ಲೂ ಅವಮಾನ ಕಾಣುವವರ ಕೂಗಿಗೆ, ನಿಜವಾದ ಅವಮಾನದ ದಿನ ಬೆಲೆಯಿರುವುದಿಲ್ಲ. ಆ ನಷ್ಟ ಭಾಷಣಕಾರನದಲ್ಲ, ನಮ್ಮದು.