ವೇಷ, ದ್ರವ್ಯ, ವೇದ: ಸ್ತ್ರೀವೇಷದ ಕುರಿತ ಒಂದು ತಪ್ಪು ಗ್ರಹಿಕೆಯ ವಿಮರ್ಶೆ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳೆಯ ಮನೆಗಳಲ್ಲಿ ಆಗಮಗ್ರಂಥಗಳ ಓಲೆಗರಿಗಳ ಜೊತೆಗೆ ಯಕ್ಷಗಾನ ಪ್ರಸಂಗಗಳ ಕಾಗದದ ಪ್ರತಿಗಳೂ ದೊರೆಯುತ್ತವೆ ಎಂಬುದು ಹಸ್ತಪ್ರತಿ ಸಂಗ್ರಾಹಕರಿಗೆ ವಿದಿತವೇ ಇದೆ. ಕೆಲವು ಕಾಲದ ಹಿಂದೆ ವೃದ್ಧ ಕಲಾವಿದರೊಬ್ಬರು ಅಂಥ ಪ್ರತಿಗಳ ಒಂದು ಕಟ್ಟನ್ನು ನಮಗೆ ಒಪ್ಪಿಸಲು ಬಂದಿದ್ದರು. ಅವರು ಜೀವಮಾನವೆಲ್ಲ ಸ್ತ್ರೀವೇಷ ಮಾಡಿದವರು. ಅವರು ಇನ್ನೂ ಮೆಟ್ಟಿಲಿಳಿಯುತ್ತಿರುವಾಗಲೇ ಅಲ್ಲಿದ್ದವರೊಬ್ಬರು ಅವರ ಕುರಿತು ಒಂದು ಕುಚೋದ್ಯದ ಮಾತನ್ನಾಡಿದರು, ಉಳಿದವರು ನಕ್ಕರು. ಆ ಮಾತು ಅವರ ಕಿವಿಗೆ ಬಿದ್ದಿತೆಂದೇ ನನ್ನ ನಂಬಿಕೆ. ನಾನು ನಗಲಿಲ್ಲ, ಆದರೆ ಏನನ್ನೂ ಹೇಳಲೂ ಇಲ್ಲ. ಅಂದು ಹೇಳಬೇಕಾಗಿದ್ದುದನ್ನು ನಮ್ಮ ಗ್ರಂಥಗಳ ಆಧಾರದಿಂದ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಆ ಮಾತಿನ ಹಿಂದಿರುವ ಗ್ರಹಿಕೆ ಎರಡು ಬಗೆಯದು. ಹೆಣ್ಣಿನ ಉಡುಗೆಯುಟ್ಟ ಗಂಡಿಗೆ ಗಂಡಸರಲ್ಲಿಯೇ ಅನುರಾಗವಿರುತ್ತದೆ ಎಂಬುದು ಒಂದು. ಗಂಡಸರಲ್ಲಿ ಅನುರಾಗವುಳ್ಳ ಗಂಡು ನಡೆನುಡಿಯಲ್ಲಿ ಹೆಣ್ಣಿನಂತೆಯೇ ಇರಬೇಕು ಎಂಬುದು ಇನ್ನೊಂದು. ಎರಡರಲ್ಲಿಯೂ ಉಡುಗೆ, ಶರೀರ, ಬಯಕೆ ಎಂಬ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ಭಾವಿಸಲಾಗಿದೆ. ಇದು ಲೌಕಿಕರ ಅಜ್ಞಾನವೆಂದು ಬಿಡಬಹುದಾಗಿತ್ತು. ಆದರೆ ನಮ್ಮ ಸಿದ್ಧಾಂತಗ್ರಂಥಗಳು ಈ ಮೂರನ್ನೂ ಬೇರ್ಪಡಿಸಿಟ್ಟಿರುವಾಗ, ಅವುಗಳನ್ನು ದಿನವೂ ಕೈಯಲ್ಲಿ ಹಿಡಿಯುವವರ ಮಧ್ಯದಲ್ಲಿಯೇ ಆ ಮಾತು ಹುಟ್ಟಿತೆಂಬುದು ಶೋಚನೀಯ.

ಮೊದಲು ಪದವಿಚಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಲಿಂಗವನ್ನು ದ್ರವ್ಯಲಿಂಗ, ಭಾವಲಿಂಗ ಎಂದು ಎರಡಾಗಿ ವಿಂಗಡಿಸುತ್ತಾರೆ. ದ್ರವ್ಯಲಿಂಗವು ಶರೀರದ ರಚನೆ; ಅದಕ್ಕೆ ಕಾರಣ ನಾಮಕರ್ಮದ ಉದಯ. ಭಾವಲಿಂಗವೇ ವೇದ, ಅಂದರೆ ಬಯಕೆಯ ಪರಿಣಾಮ. ಅದಕ್ಕೆ ಕಾರಣ ಚಾರಿತ್ರಮೋಹನೀಯದಲ್ಲಿ ಸೇರಿದ ನೋಕಷಾಯದ ಉದಯ. ಎರಡರ ಕಾರಣಗಳೇ ಬೇರೆಯಾದ ಮೇಲೆ ಒಂದನ್ನು ಕಂಡು ಇನ್ನೊಂದನ್ನು ನಿಶ್ಚಯಿಸಲು ಬರುವುದಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ವೇದಮಾರ್ಗಣೆಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಅವರ ಅಭಿಪ್ರಾಯದಲ್ಲಿ ದ್ರವ್ಯ ಮತ್ತು ಭಾವ ಬಹುಮಟ್ಟಿಗೆ ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದುವುದಿಲ್ಲ. ದೇವ, ನಾರಕ, ಭೋಗಭೂಮಿಜರಲ್ಲಿ ಈ ವೈಷಮ್ಯವಿಲ್ಲ. ಕರ್ಮಭೂಮಿಯ ಮನುಷ್ಯರಲ್ಲಿ ಉಂಟು. ೧೩೫೯ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದುದರಿಂದ ಇದು ಪ್ರಾಕೃತ ಬಲ್ಲವರಿಗೆ ಮಾತ್ರ ಮೀಸಲಾದ ರಹಸ್ಯವಾಗಿಯೂ ಉಳಿಯಲಿಲ್ಲ.

ಲಿಂಗಶಬ್ದಕ್ಕೆ ಮೂರನೆಯ ಅರ್ಥವೂ ಉಂಟು: ಹೊರಗಿನ ಚಿಹ್ನೆ, ವೇಷ. ಮುನಿಯ ಲಿಂಗ, ಶ್ರಾವಕನ ಲಿಂಗ ಎನ್ನುವಾಗ ಇರುವುದು ಈ ಅರ್ಥ. ಭಾವವಿಲ್ಲದ ಬಾಹ್ಯಲಿಂಗದಿಂದ ಪ್ರಯೋಜನವಿಲ್ಲವೆಂಬುದು ಭಾವಪಾಹುಡ, ಲಿಂಗಪಾಹುಡಗಳ ನಿಲುವು. ಮುನಿಯ ವೇಷವನ್ನು ಕಂಡೊಡನೆ ಅವನ ಅಂತರಂಗವನ್ನು ನಿರ್ಣಯಿಸಲಾಗದು ಎಂದು ಒಪ್ಪುವ ನಾವು, ನಟನ ಸೀರೆಯನ್ನು ಕಂಡು ಅವನ ಅಂತರಂಗವನ್ನು ನಿರ್ಣಯಿಸುವುದು ಯಾವ ನ್ಯಾಯ?

ಧವಳಾ ಟೀಕೆಯ ಒಂದು ವಿಚಾರವೂ ಇಲ್ಲಿ ಗಮನಾರ್ಹ. ಕಷಾಯಗಳು ಅಂತರ್ಮುಹೂರ್ತದಲ್ಲಿ ಬದಲಾಗುತ್ತವೆ, ವೇದವು ಹಾಗಲ್ಲ, ಜನ್ಮದಿಂದ ಮರಣದವರೆಗೆ ಅದರ ಉದಯವಿರುತ್ತದೆ ಎಂಬುದು ವೀರಸೇನಾಚಾರ್ಯರ ಮತ. ಇದನ್ನು ಚೌಕಿಗೆ ಅನ್ವಯಿಸಿ ನೋಡಬೇಕು. ರಾತ್ರಿ ಕಟ್ಟಿದ ವೇಷ ಬೆಳಗಿಗೆ ಕಳಚುತ್ತದೆ. ಉಟ್ಟುದರಿಂದ ವೇದ ಹುಟ್ಟುವುದಿಲ್ಲ. ಕಳಚಿದುದರಿಂದ ಅಳಿಯುವುದೂ ಇಲ್ಲ. ಸ್ತ್ರೀವೇಷ ಮಾಡಿದರೆ ಹುಡುಗನ ಸ್ವಭಾವ ಕೆಡುತ್ತದೆಂಬ ತಾಯ್ತಂದೆಯರ ಭಯಕ್ಕೆ ಇಲ್ಲಿ ಆಧಾರವಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತದೆಂಬ ಹಿರಿಯರ ಭರವಸೆಗೂ ಆಧಾರವಿಲ್ಲ.

ಇದೇ ಧವಳೆಯ ತಾಡಪತ್ರಗಳನ್ನು ಕಾಪಾಡಿದುದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಷಟ್ಖಂಡಾಗಮದ ಮೊದಲ ಸಂಪುಟವು ೧೯೩೯ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾದಾಗ, ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಅವರಿಗೆ ದೊರೆತ ಪ್ರತಿಗಳಲ್ಲಿ ಇರಲಿಲ್ಲ. ಅದು ಇರಬೇಕೆಂದು ಸಂಪಾದಕರು ಊಹಿಸಿದರು. ನಮ್ಮ ತಾಡಪತ್ರಗಳಲ್ಲಿ ಅದು ಇರುವುದು ಅನಂತರ ತಿಳಿದುಬಂದಿತು. ಒಂದು ಪದದ ಸಲುವಾಗಿ ವಿದ್ವಾಂಸರಲ್ಲಿ ದೊಡ್ಡ ವಿವಾದವೇ ನಡೆಯಿತು. ಏಕೆಂದರೆ ಆ ಸೂತ್ರ ಮಾನುಷಿಯನ್ನು ಕುರಿತದ್ದು, ‘ಸಂಜದ’ವೆಂದರೆ ಸಂಯತ. ಹಾಗಾದರೆ ಸ್ತ್ರೀಗೆ ಸಂಯತಸ್ಥಾನ ಉಂಟೆ? ದಿಗಂಬರ ಪರಂಪರೆಯ ಸಮಾಧಾನವೆಂದರೆ, ಇಲ್ಲಿ ಮಾನುಷಿಯು ಭಾವಸ್ತ್ರೀ, ಅಂದರೆ ಪುರುಷಶರೀರದಲ್ಲಿದ್ದು ಸ್ತ್ರೀವೇದದ ಉದಯವುಳ್ಳ ಜೀವ. ನೆಲ್ಲಿಕಾರಿನಲ್ಲಿ ಜನಿಸಿ ಪರದೇಶದಲ್ಲಿ ಜೈನವಿದ್ಯೆಯನ್ನು ಬೆಳಗಿಸಿದ ಪದ್ಮನಾಭ ಜೈನಿಯವರು (೧೯೨೩–೨೦೨೧) ೧೯೯೧ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಈ ಚರ್ಚೆಯನ್ನು ವಿಸ್ತಾರವಾಗಿ ಪರಾಮರ್ಶಿಸಿದ್ದಾರೆ.

ಈ ಸಮಾಧಾನದ ಫಲಿತವನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಸ್ತ್ರೀವೇದದ ಉದಯವುಳ್ಳ ಪುರುಷನು ಸಂಯತನಾಗಬಲ್ಲನು. ಶ್ರೇಣಿಯನ್ನೇರಿ ಒಂಬತ್ತನೆಯ ಗುಣಸ್ಥಾನದಲ್ಲಿ ವೇದವನ್ನೇ ಕಳೆದುಕೊಂಡು ಮುಂದುವರಿಯಬಲ್ಲನು. ಯಾರನ್ನು ಕುರಿತು ನಮ್ಮವರು ಮೆಟ್ಟಿಲ ಮೇಲೆ ನಕ್ಕರೋ ಅಂಥವನಿಗೆ ನಮ್ಮ ಗ್ರಂಥವು ಮೋಕ್ಷದ ಮೆಟ್ಟಿಲನ್ನು ಮುಚ್ಚಿಲ್ಲ.

ಹಾಗೆಂದು ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಬೀಗುವುದು ವಿಮರ್ಶೆಯಾಗದು. ದ್ರವ್ಯ-ಭಾವಗಳ ಭೇದವನ್ನು ಈ ಸೂತ್ರಕ್ಕೆ ಅನ್ವಯಿಸಿದುದು ಯಾರ ಮೇಲಣ ಕರುಣೆಯಿಂದಲೂ ಅಲ್ಲ. ಸ್ತ್ರೀಶರೀರಕ್ಕೆ ಆ ಭವದಲ್ಲಿ ಮುಕ್ತಿಯಿಲ್ಲವೆಂಬ ನಿಲುವನ್ನು ಉಳಿಸಿಕೊಳ್ಳಲು. ಯಾಪನೀಯ ಶಾಕಟಾಯನನು ಸ್ತ್ರೀಮುಕ್ತಿಪ್ರಕರಣದಲ್ಲಿ ಸ್ತ್ರೀಶಬ್ದಕ್ಕೆ ಮುಖ್ಯಾರ್ಥವನ್ನೇ ಹಿಡಿಯಬೇಕೆಂದು ವಾದಿಸಿದುದು ಇದಕ್ಕೆ ಎದುರಾಗಿಯೇ. ಎರಡನೆಯದಾಗಿ, ಗಂಡನ್ನು ಬಯಸುವುದು ಸ್ತ್ರೀವೇದ, ಹೆಣ್ಣನ್ನು ಬಯಸುವುದು ಪುಂವೇದ, ಉಭಯರನ್ನು ಬಯಸುವುದು ನಪುಂಸಕವೇದ ಎಂದು ಹೆಸರಿಟ್ಟಾಗಲೇ ಬಯಕೆಗೆ ಹೆಣ್ತನ ಗಂಡುತನಗಳ ಮುದ್ರೆ ಬಿದ್ದಿತು. ಗಂಡನ್ನು ಬಯಸುವವನು ಒಳಗೆ ಹೆಣ್ಣೇ ಎಂಬ ಲೋಕದ ಗ್ರಹಿಕೆ ಇಲ್ಲಿಯೂ ನುಸುಳಿದೆ. ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆಗೂಡಿನ ಬೆಂಕಿ ಎಂಬ ಪ್ರಸಿದ್ಧ ಉಪಮಾನಗಳಲ್ಲಿ ಪುರುಷನ ಬಯಕೆಯೇ ಬೇಗನೆ ಆರುವಂಥದು ಎಂಬ ಪಕ್ಷಪಾತವೂ ಇದೆ. ಆದರೂ ಮೂರೂ ಬೆಂಕಿಗಳೇ. ಹೆಣ್ಣನ್ನು ಬಯಸುವ ಗಂಡಿನ ಪುಂವೇದವೂ ಮೋಹನೀಯದ ಉದಯವೇ ಹೊರತು ಶುದ್ಧಾತ್ಮನ ಗುಣವಲ್ಲ. ಒಂದು ಉದಯಕ್ಕೆ ಒಳಗಾದವನು ಇನ್ನೊಂದು ಉದಯಕ್ಕೆ ಒಳಗಾದವನನ್ನು ಹಾಸ್ಯಮಾಡುವುದಕ್ಕೆ ಶಾಸ್ತ್ರದಲ್ಲಿ ಆಸ್ಪದವಿಲ್ಲ.

ಇನ್ನು ನಮ್ಮ ರಂಗಸ್ಥಳದ ವಿಚಾರ. ವಿರಾಟನಗರಿಯ ಕಥೆಯಲ್ಲಿ ಅರ್ಜುನನು ಶಾಪದ ಫಲವಾಗಿ ಬೃಹನ್ನಳೆಯಾಗುತ್ತಾನೆ. ಭೀಮನು ಒಂದು ರಾತ್ರಿಯ ಮಟ್ಟಿಗೆ, ಕೀಚಕನನ್ನು ಕೊಲ್ಲಲು, ಹೆಣ್ಣಿನ ಉಡುಗೆಯುಡುತ್ತಾನೆ. ಉಡುಗೆ ಒಂದೇ, ಕಾರಣ ಬೇರೆ. ಭೀಮನ ಬಯಕೆಯ ವಿಷಯದಲ್ಲಿ ಯಾವ ಪ್ರೇಕ್ಷಕನೂ ಸಂಶಯಪಟ್ಟುದಿಲ್ಲ. ತುಳುನಾಡಿನ ಜುಮಾದಿಯ ಮೂರ್ತಿಯಲ್ಲಿ ಮೀಸೆಯೂ ಸ್ತನವೂ ಒಟ್ಟಿಗೇ ಇವೆ. ಆ ದೈವದ ಅಣಿ ಕಟ್ಟಿದವರ ಮುಂದೆ ಊರೇ ಕೈಮುಗಿದು ನಿಲ್ಲುತ್ತದೆ. ಈಗ ಮಹಿಳೆಯರ ತಂಡಗಳಲ್ಲಿ ಹೆಂಗಸರು ಕಿರೀಟವೇಷ ಕಟ್ಟುವಾಗಲೂ ಅವರ ಅನುರಾಗ ಯಾರಲ್ಲಿ ಎಂದು ಕೇಳುವವರು ವಿರಳ. ಪ್ರಶ್ನೆ ಏಳುವುದು ಗಂಡು ಸೀರೆಯುಟ್ಟಾಗ ಮಾತ್ರ. ಆದುದರಿಂದ ಅದರ ಮೂಲ ವೇಷದಲ್ಲಿಲ್ಲ. ಹೆಣ್ತನವೆಂದರೆ ಕೀಳೆಂಬ ನಮ್ಮ ಭಾವನೆಯಲ್ಲಿದೆ. ಧರ್ಮಸ್ಥಳ ಮೇಳದಲ್ಲಿ ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾವ್, ಪಾತಾಳ ವೆಂಕಟರಮಣ ಭಟ್ಟರಂಥವರ ಕಲೆಯನ್ನು ಅಳೆಯಬೇಕಾದುದು ಮಾತು, ಲಾಸ್ಯ, ಅಭಿನಯಗಳಿಂದ.

ಇಲ್ಲಿ ಕಲಾವಿದರ ಪಕ್ಷ ವಹಿಸುವವರ ದೋಷವನ್ನೂ ಹೇಳಲೇಬೇಕು. ಕುಹಕಕ್ಕೆ ಉತ್ತರವಾಗಿ ಅವರು, ಈ ಕಲಾವಿದರು ಹೆಂಡತಿ ಮಕ್ಕಳುಳ್ಳ ಸದ್ಗೃಹಸ್ಥರು, ಅಂಥವರಲ್ಲ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಈ ಉತ್ತರವು ಕುಹಕಿಯ ಎರಡು ಆಧಾರಗಳನ್ನೂ ಒಪ್ಪಿಕೊಂಡೇ ಹೊರಡುತ್ತದೆ: ಹೊರಗಿನ ಚಿಹ್ನೆಯಿಂದ ಒಳಗಿನದನ್ನು ತಿಳಿಯಬಹುದು, ಸಲಿಂಗಾನುರಾಗವು ಕಳಂಕ. ಸೀರೆ ಎಷ್ಟರಮಟ್ಟಿಗೆ ಸಾಕ್ಷಿಯಲ್ಲವೋ ತಾಳಿಯೂ ಅಷ್ಟರಮಟ್ಟಿಗೆ ಸಾಕ್ಷಿಯಲ್ಲ. ಸ್ತ್ರೀವೇಷಧಾರಿಗಳಲ್ಲಿ ಅಂಥ ಅನುರಾಗದವರು ಇರಬಹುದು, ಇಲ್ಲದಿರಬಹುದು. ಬಣ್ಣದವೇಷದವರಲ್ಲಿಯೂ, ಪ್ರೇಕ್ಷಕರಲ್ಲಿಯೂ, ಗ್ರಂಥಾಲಯದಲ್ಲಿ ಕುಳಿತವರಲ್ಲಿಯೂ ಹಾಗೆಯೇ. ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗಸಂಬಂಧ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪಿತ್ತಿದೆ.

ವೇಷವು ಕೆಲವರಿಗೆ ರಾತ್ರಿಯ ಪಾತ್ರವಲ್ಲ, ಬಾಳೇ ಆಗಿರುತ್ತದೆ ಎಂಬುದನ್ನೂ ಮರೆಯಲಾಗದು. ೨೦೨೧ರಲ್ಲಿ ಪದ್ಮಶ್ರೀ ಪಡೆದ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರ ಸೀರೆ ಚೌಕಿಯಲ್ಲಿ ಕಳಚುವಂಥದಲ್ಲ. ಅಲ್ಲಿರುವುದು ತಾನು ಯಾರೆಂಬ ಅರಿವಿನ ಪ್ರಶ್ನೆ, ಯಾರನ್ನು ಬಯಸುತ್ತೇನೆಂಬುದಲ್ಲ. ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿಯೇ ಮಾನ್ಯಮಾಡಿದ ಈ ಅರಿವಿಗೆ ನಮ್ಮ ವೇದಮಾರ್ಗಣೆಯಲ್ಲಿ ಸರಿಯಾದ ಪರ್ಯಾಯಪದ ನನಗೆ ಕಾಣದು. ಹಳೆಯ ಪಟ್ಟಿಯಲ್ಲಿ ಬಲವಂತವಾಗಿ ತುರುಕುವುದಕ್ಕಿಂತ ಇದನ್ನು ನಾಲ್ಕನೆಯ ಸಂಗತಿಯೆಂದು ಎಣಿಸುವುದೇ ಲೇಸು.

ಕೊನೆಗೆ ಒಂದು ತಪ್ಪೊಪ್ಪಿಗೆ. ಗ್ರಂಥಸೂಚಿಗಾಗಿ ಚೀಟಿ ಬರೆಯುತ್ತಿದ್ದ ಆರಂಭದ ದಿನಗಳಲ್ಲಿ ‘ಭಾವಸ್ತ್ರೀ’ ಎಂಬ ಪದಕ್ಕೆ ನಾನು ‘ಹೆಣ್ಣಿನ ವೇಷಧಾರಿ’ ಎಂದು ಅರ್ಥ ಬರೆದಿಟ್ಟಿದ್ದೆ. ಟೀಕೆಯನ್ನು ನೋಡದೆ, ಲೋಕದ ಮಾತನ್ನೇ ನಂಬಿ ಬರೆದ ಅರ್ಥವದು. ಈಚೆಗೆ ಆ ಚೀಟಿ ಕಣ್ಣಿಗೆ ಬಿದ್ದಾಗ ತಿದ್ದಿದೆ. ಕಲಾವಿದರು ತಂದ ಪ್ರಸಂಗದ ಪ್ರತಿಗಳನ್ನೂ ಧೂಳೊರೆಸಿ, ಅವರ ಹೆಸರಿನೊಡನೆ ದಾಖಲಿಸಿದ್ದಾಗಿದೆ. ಪಾಠವನ್ನು ಶೋಧಿಸುವವನು ತನ್ನ ಗ್ರಹಿಕೆಯನ್ನೂ ಶೋಧಿಸಬೇಕೆಂಬುದನ್ನು ವಿದ್ವಜ್ಜನರು ಒಪ್ಪುವರೆಂದು ನಂಬಿದ್ದೇನೆ.